ಫೆಡರೇಷನ್‌ಗೆ ಬರೆಯುವ ಮುಂಚೆ: ಈಜುವ ಮಕ್ಕಳ ಅಪ್ಪ ಅಮ್ಮಂದಿರಿಗೆ

"ಫೆಡರೇಷನ್‌ಗೇ ಬರೀತೀನಿ, ಬಿಡಲ್ಲ!"

ಬಸವನಗುಡಿ ಈಜುಕೊಳದ ಗ್ಯಾಲರಿಯಲ್ಲಿ ಒಂದು ಮೀಟ್ ಪೂರ್ತಿ ಕೂತರೆ ಈ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತದೆ. ಮಗಳನ್ನು ಡಿಸ್‌ಕ್ವಾಲಿಫೈ ಮಾಡಿದರು, ಮಗನ ಹೆಸರು ರಾಜ್ಯ ತಂಡದಲ್ಲಿಲ್ಲ, ಸ್ಟಾರ್ಟ್ ಲಿಸ್ಟ್‌ನಲ್ಲಿ ಟೈಮಿಂಗ್ ತಪ್ಪಾಗಿದೆ. ಏನೇ ಆಗಲಿ, ಸಿಟ್ಟು ನೇರ ಫೆಡರೇಷನ್ ಕಡೆಗೆ, ಅಂದರೆ ಇಡೀ ದೇಶದ ಈಜು ನೋಡಿಕೊಳ್ಳುವ ಸಂಸ್ಥೆಯ ಕಡೆಗೆ. ನಾನು ಕೊಳದ ಅಂಚಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಟೈಮ್‌ಕೀಪರ್. ಅದಕ್ಕೂ ಮೊದಲು ಟವೆಲ್, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಅದೇ ಗ್ಯಾಲರಿಯಲ್ಲಿ ಕೂತಿದ್ದವಳು. ಮಗಳು ಈಜು ಬಿಟ್ಟು ಕೆಲಸಕ್ಕೆ ಸೇರಿದಳು, ನಾನು ಬಿಡಲಿಲ್ಲ. ಹಾಗಾಗಿ ಎರಡೂ ಕಡೆಯ ಸಂಕಟ ಗೊತ್ತು.

ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಯಾರಿಗೆ, ಯಾವಾಗ, ಏನಂತ ಬರೆಯಬೇಕು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅರ್ಧ ದೂರುಗಳು ಸೋಲುವುದು ವಿಳಾಸ ತಪ್ಪಿದ್ದಕ್ಕೆ, ವಿಷಯ ತಪ್ಪಿದ್ದಕ್ಕಲ್ಲ.

ಯಾರ ಕೈಯಲ್ಲಿ ಏನಿದೆ

ಫೆಡರೇಷನ್ ಸರ್ಕಾರಿ ಇಲಾಖೆ ಅಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಬೈಲಾ ಇದೆ, ವಾರ್ಷಿಕ ಸಭೆ ಇದೆ, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇದ್ದಾರೆ ಅಲ್ವಾ? ಇದೂ ಹಾಗೆಯೇ. ವ್ಯತ್ಯಾಸ ಏನೆಂದರೆ ಇಲ್ಲಿ ಸದಸ್ಯರು ಮನೆಗಳಲ್ಲ, ರಾಜ್ಯ ಸಂಸ್ಥೆಗಳು. ನಿಮ್ಮ ಮಗು ಸೇರಿರುವುದು ಕ್ಲಬ್‌ಗೆ. ಕ್ಲಬ್ ಸೇರಿರುವುದು ಕರ್ನಾಟಕದ ಈಜು ಸಂಸ್ಥೆಗೆ. ಅದು ಸ್ವಿಮ್ಮಿಂಗ್ ಫೆಡರೇಷನ್ ಆಫ್ ಇಂಡಿಯಾದ ಒಂದು ಘಟಕ. ಎಲ್ಲಕ್ಕಿಂತ ಮೇಲೆ ವರ್ಲ್ಡ್ ಅಕ್ವಾಟಿಕ್ಸ್. ಮೊದಲು ಫಿನಾ ಅಂತಿತ್ತಲ್ಲ, ಅದೇ.

ಇದರ ಪಕ್ಕದಲ್ಲೇ ಇನ್ನೊಂದು ಸಾಲು ಇದೆ: ಇಂಡಿಯನ್ ಒಲಿಂಪಿಕ್ ಅಸೋಸಿಯೇಷನ್. 1927ರಲ್ಲಿ ಶುರುವಾದ ಸಂಸ್ಥೆ, ಮೊದಲ ಅಧ್ಯಕ್ಷರು ದೊರಾಬ್ಜಿ ಟಾಟಾ. ಜನ ಈ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ವಿಶ್ವ ಈಜು ಚಾಂಪಿಯನ್‌ಷಿಪ್‌ಗೆ ತಂಡ ಕಳಿಸುವುದು ಈಜು ಫೆಡರೇಷನ್. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಬಂದಾಗ ಫೆಡರೇಷನ್ ಹೆಸರು ಕೊಡುತ್ತದೆ, ದೇಶದ ಪರವಾಗಿ ಎಂಟ್ರಿ ಕಳಿಸುವುದು ಒಲಿಂಪಿಕ್ ಅಸೋಸಿಯೇಷನ್. ಕೇಂದ್ರದ ಕ್ರೀಡಾ ಸಚಿವಾಲಯ ಫೆಡರೇಷನ್‌ಗೆ ಮಾನ್ಯತೆ ಕೊಡುತ್ತದೆ, ಕ್ಯಾಂಪಿಗೆ, ವಿದೇಶ ಸ್ಪರ್ಧೆಗೆ ದುಡ್ಡು ಕೊಡುತ್ತದೆ. ನಮ್ಮ ಜ್ಞಾನಭಾರತಿ ಹತ್ತಿರ ಕೇಂದ್ರ ಇಟ್ಟುಕೊಂಡಿರುವ ಸಾಯ್ (ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ) ಸಚಿವಾಲಯದ ಕೈಕೆಳಗಿನದು.

ಫೆಡರೇಷನ್ ಏನು ಮಾಡುತ್ತದೆ ಅಂತ ಕೇಳಿದರೆ "ನ್ಯಾಷನಲ್ಸ್ ನಡೆಸುತ್ತೆ" ಅಂತಾರೆ ಎಲ್ಲರೂ. ಅದು ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸವೇ ಜಾಸ್ತಿ. ನಮ್ಮ ಊರಿನ ಹುಡುಗನದೇ ಉದಾಹರಣೆ ಕೊಡುತ್ತೇನೆ. 2021ರ ಜೂನ್, ಟೋಕಿಯೊ ಒಲಿಂಪಿಕ್ಸ್ ಹತ್ತಿರ ಬಂದಿದೆ. ರೋಮ್‌ನ ಸೆಟ್ಟೆ ಕೊಲ್ಲಿ ಮೀಟ್‌ನಲ್ಲಿ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ಗೆ ನೇರ ಜಾಗ ಕೊಡುವ 'ಎ' ಅರ್ಹತೆಗೆ ಬೇಕಿದ್ದದ್ದು 53.85. ಆದರೆ ಅವರು ಈಜಿದ್ದು ಟೈಮ್ ಟ್ರಯಲ್‌ನಲ್ಲಿ, ಮೀಟ್‌ನ ಮಾಮೂಲಿ ಹೀಟ್‌ನಲ್ಲಲ್ಲ. ಅದು ಲೆಕ್ಕಕ್ಕೆ ಬರುತ್ತದಾ ಇಲ್ಲವಾ? ಗಡಿಯಾರ ತೋರಿಸಿದ್ದಷ್ಟೇ ಸಾಲದು. ಫೆಡರೇಷನ್ ಆ ಸಮಯವನ್ನು ಫಿನಾ ಮುಂದೆ ಇಟ್ಟಿತು, ಫಿನಾ ಒಪ್ಪಿತು, ಶ್ರೀಹರಿ ಟೋಕಿಯೊಗೆ ಹೋದರು. ಅದೇ ಮೀಟ್‌ನಲ್ಲಿ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, 'ಎ' ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ ಆಗಿದ್ದರು. ಈಜುವುದು ಮಗುವಿನ ಕೆಲಸ. ಆ ಈಜನ್ನು ದಾಖಲೆಯಾಗಿ ಮಾಡುವುದು ಫೆಡರೇಷನ್ ಕೆಲಸ.

ಪ್ಯಾರಿಸ್ 2024ಕ್ಕೆ ನೇರ ಅರ್ಹತೆಯ ಸಮಯ ನಮ್ಮವರು ಯಾರಿಗೂ ಸಿಗಲಿಲ್ಲ. ಹಾಗಾದಾಗ ಒಬ್ಬ ಹುಡುಗ, ಒಬ್ಬ ಹುಡುಗಿಗೆ ಯೂನಿವರ್ಸಾಲಿಟಿ ಜಾಗ ಸಿಗುತ್ತದೆ. ಆ ಎರಡು ಹೆಸರು ಕೊಡಬೇಕಾದದ್ದು ಫೆಡರೇಷನ್. ಶ್ರೀಹರಿ ಹೋದರು, ಜೊತೆಗೆ ಬೆಂಗಳೂರಿನವಳೇ ಆದ ಧಿನಿಧಿ ದೇಸಿಂಗು, ಆಗ 14 ವರ್ಷ. ಇಂಥ ಕಡೆ ಹೆಸರು ಕೊಡುವವರ ಕೈಯಲ್ಲಿ ಲಿಖಿತ ಮಾನದಂಡ ಇರಲೇಬೇಕು. ಇಲ್ಲದಿದ್ದರೆ ಅದು ಬರೀ ದಾಕ್ಷಿಣ್ಯದ ಆಟ ಆಗಿಬಿಡುತ್ತದೆ.

ಅಂದಹಾಗೆ, ಫೆಡರೇಷನ್ ಹೆಸರಲ್ಲಿ ಸ್ವಿಮ್ಮಿಂಗ್ ಅಂತ ಮಾತ್ರ ಇದ್ದರೂ ಡೈವಿಂಗ್, ವಾಟರ್ ಪೋಲೊ, ಆರ್ಟಿಸ್ಟಿಕ್ ಸ್ವಿಮ್ಮಿಂಗ್ ಎಲ್ಲವೂ ಅದರ ಕೆಳಗೇ ಬರುತ್ತವೆ. ಡೈವಿಂಗ್ ಮಕ್ಕಳ ತಾಯಂದಿರ ಹತ್ತಿರ ಮಾತಾಡಿ ನೋಡಿ. ನಮ್ಮ ಗೋಳು ಏನೂ ಅಲ್ಲ ಅನ್ನಿಸುತ್ತದೆ.

ಹೆಸರಲ್ಲಿ 'ಇಂಡಿಯಾ' ಇದ್ದ ಮಾತ್ರಕ್ಕೆ ಮೋಸಹೋಗಬೇಡಿ

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ವಾಟ್ಸ್ಆ್ಯಪ್‌ನಲ್ಲಿ ಒಂದು ಪೋಸ್ಟರ್ ಬರುತ್ತದೆ. ತ್ರಿವರ್ಣ ಧ್ವಜ, ಐದು ಬಳೆ, ಮಧ್ಯೆ ಯಾರದೋ ಸೂಟ್ ಹಾಕಿದ ಫೋಟೊ. "ರಾಷ್ಟ್ರೀಯ ಚಾಂಪಿಯನ್‌ಷಿಪ್, ಗೋವಾ." ಪ್ರವೇಶ ಶುಲ್ಕ, ಕಿಟ್ ಶುಲ್ಕ, ವಸತಿ ಶುಲ್ಕ ಎಲ್ಲ ಸೇರಿ ದೊಡ್ಡ ಮೊತ್ತ. ಹೋದ ಮಕ್ಕಳಿಗೆಲ್ಲ ಪದಕ. ಗೆದ್ದವರಿಗೆ "ಅಂತರರಾಷ್ಟ್ರೀಯ" ಸ್ಪರ್ಧೆಗೆ ಕರೆ, ಅದು ನೇಪಾಳದಲ್ಲೋ ಥಾಯ್ಲೆಂಡಿನಲ್ಲೋ, ಖರ್ಚು ನಮ್ಮದೇ. ನಮ್ಮ ಬೀದಿಯ ಒಂದು ಮನೆಯವರು ಬೇರೆ ಒಂದು ಆಟದಲ್ಲಿ ಹೀಗೇ ಎರಡು ವರ್ಷ ಓಡಾಡಿದರು. ಕೊನೆಗೆ ಸಿಇಟಿ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟ್ ಹಿಡ್ಕೊಂಡು ಹೋದಾಗ ಮೇಜಿನ ಆಚೆ ಕೂತವರು ಒಂದೇ ಪ್ರಶ್ನೆ ಕೇಳಿದರು: "ಇದು ಮಾನ್ಯತೆ ಇರೋ ಫೆಡರೇಷನ್ನಾ?" ಚಿನ್ನದ ಪದಕ ಹುಡುಗನ ಕೊರಳಲ್ಲೇ ಉಳಿಯಿತು, ಸೀಟು ಸಿಗಲಿಲ್ಲ.

ಪರೀಕ್ಷೆ ಮಾಡುವುದು ಕಷ್ಟ ಏನಲ್ಲ. ಕ್ರೀಡಾ ಸಚಿವಾಲಯದ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ರಾಷ್ಟ್ರೀಯ ಫೆಡರೇಷನ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರು ಅಕ್ಷರಶಃ ಹೊಂದಬೇಕು. "ಫೆಡರೇಷನ್ ಆಫ್ ಇಂಡಿಯಾ" ಬೇರೆ, "ಇಂಡಿಯನ್ ಫೆಡರೇಷನ್" ಬೇರೆ. ಆಮೇಲೆ ಆ ಆಟದ ಅಂತರರಾಷ್ಟ್ರೀಯ ಸಂಸ್ಥೆಯ ವೆಬ್‌ಸೈಟಿಗೆ ಹೋಗಿ ಭಾರತದ ಸದಸ್ಯ ಯಾರು ನೋಡಿ. ಸಾಮಾನ್ಯವಾಗಿ ಒಂದು ದೇಶಕ್ಕೆ ಒಂದೇ ಸಂಸ್ಥೆ. ಎರಡೂ ಕಡೆ ಒಂದೇ ಹೆಸರು ಇದ್ದರೆ ಸರಿ. ಇನ್ನೊಂದು ಗುರುತು ಹೇಳುತ್ತೇನೆ: ನಿಜವಾದ ನ್ಯಾಷನಲ್ಸ್‌ಗೆ ನೀವು ನೇರವಾಗಿ ದುಡ್ಡು ಕಟ್ಟಿ ಹೆಸರು ಕೊಡಲು ಆಗುವುದಿಲ್ಲ. ರಾಜ್ಯ ಮೀಟ್‌ನಲ್ಲಿ ಈಜಿ, ರಾಜ್ಯ ಸಂಸ್ಥೆಯಿಂದಲೇ ಹೆಸರು ಹೋಗಬೇಕು. "ಟ್ರಯಲ್ಸ್ ಬೇಡ, ಡೈರೆಕ್ಟ್ ಎಂಟ್ರಿ" ಅಂದರೆ ಫೋನ್ ಇಟ್ಟುಬಿಡಿ.

ಇನಿಷಿಯಲ್ ತೊಂದರೆ

ಫೆಡರೇಷನ್‌ನಲ್ಲಿ ನೋಂದಣಿ ಮಾಡಿಸಿ ಮಗುವಿಗೆ ಯುಐಡಿ ಸಂಖ್ಯೆ (ಆಧಾರ್ ಅಲ್ಲ, ಫೆಡರೇಷನ್ ಕೊಡುವ ಗುರುತಿನ ಸಂಖ್ಯೆ) ಪಡೆಯಬೇಕು. ಕ್ಲಬ್‌ನವರೇ ಮಾಡಿಸಿಕೊಡುತ್ತಾರೆ. ಆದರೆ ಫಾರಂನಲ್ಲಿ ಹೆಸರು ಹೇಗೆ ಹೋಗುತ್ತಿದೆ ಅಂತ ನೀವೇ ನೋಡಿ. ನಮ್ಮ ಕಡೆ ಹೆಸರುಗಳ ಕಥೆ ಗೊತ್ತಲ್ಲ. ಜನನ ಪ್ರಮಾಣಪತ್ರದಲ್ಲಿ ಬರೀ "ಅನನ್ಯ", ಶಾಲೆಯಲ್ಲಿ "ಅನನ್ಯ ಕೆ.ಎಸ್.", ಆಧಾರ್‌ನಲ್ಲಿ "ಅನನ್ಯ ಶ್ರೀನಿವಾಸ", ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿ "ಕಡಬ". ನಾಲ್ಕು ಕಾಗದ, ನಾಲ್ಕು ಹುಡುಗಿಯರು! ರಾಜ್ಯ ಮಟ್ಟದಲ್ಲಿ ಯಾರೂ ಕೇಳುವುದಿಲ್ಲ. ವಿದೇಶಕ್ಕೆ ಎಂಟ್ರಿ ಕಳಿಸುವ ದಿನ ಎಲ್ಲ ನಿಂತುಹೋಗುತ್ತದೆ. ಮಗುವಿಗೆ ಹತ್ತು ವರ್ಷ ಆಗುವ ಹೊತ್ತಿಗೇ ಎಲ್ಲ ಕಾಗದದಲ್ಲೂ ಒಂದೇ ಹೆಸರು ಮಾಡಿಸಿಡಿ.

ಹುಟ್ಟಿದ ದಿನಾಂಕವೂ ಅಷ್ಟೇ. ಹುಟ್ಟಿ ವರ್ಷಗಟ್ಟಲೆ ಆದಮೇಲೆ ಮಾಡಿಸಿದ ಜನನ ಪ್ರಮಾಣಪತ್ರವನ್ನು ಎಲ್ಲ ಆಟದವರೂ ಅನುಮಾನದಿಂದಲೇ ನೋಡುತ್ತಾರೆ. ವಯಸ್ಸು ಕದ್ದು ಆಡಿಸುವ ಚಾಳಿ ನಮ್ಮ ದೇಶದಲ್ಲಿ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಆ ಅನುಮಾನ ತಪ್ಪು ಅಂತ ನನಗಂತೂ ಹೇಳಲು ಮನಸ್ಸಿಲ್ಲ.

ದೂರು ಕೊಡುವುದು ಹೇಗೆ

ಮೀಟ್ ನಡೆಯುವಾಗಿನ ದೂರು ಬೇರೆ, ಆಯ್ಕೆಯ ದೂರು ಬೇರೆ. ಇವೆರಡನ್ನೂ ಕಲಸಬೇಡಿ.

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಒಂದು ಕೈ ಚೂರು ಮುಂದೆ ಹೋದರೂ ಟರ್ನ್ ಜಡ್ಜ್ ಕೈ ಎತ್ತುತ್ತಾರೆ, ಚೀಟಿ ಬರೆಯುತ್ತಾರೆ, ರೆಫರಿ ಸಹಿ ಹಾಕುತ್ತಾರೆ. ಗ್ಯಾಲರಿಯಿಂದ ಅದು ಕಾಣುವುದಿಲ್ಲ. ಅಪ್ಪಂದಿರು ಮೊಬೈಲ್ ವಿಡಿಯೊ ಹಿಡಿದು ಮೆಟ್ಟಿಲು ಇಳಿದು ಓಡಿ ಬರುತ್ತಾರೆ, "ನೋಡಿ ಮೇಡಂ, ನೋಡಿ ಇಲ್ಲಿ!" ನಾನು ಟೈಮ್‌ಕೀಪರ್ ಸ್ವಾಮಿ, ನನ್ನ ಹತ್ತಿರ ಇರುವುದು ವಾಚ್ ಮಾತ್ರ. ಪದ್ಧತಿ ಏನೆಂದರೆ, ಆ ಸ್ಪರ್ಧೆ ಮುಗಿದು 30 ನಿಮಿಷದೊಳಗೆ ತಂಡದ ಮ್ಯಾನೇಜರ್ ಬರವಣಿಗೆಯಲ್ಲಿ, ಶುಲ್ಕ ಕಟ್ಟಿ, ರೆಫರಿಗೆ ಪ್ರೊಟೆಸ್ಟ್ ಕೊಡಬೇಕು. ರೆಫರಿ ಒಪ್ಪದಿದ್ದರೆ ಮೇಲ್ಮನವಿಗೆ ಜ್ಯೂರಿ ಇರುತ್ತದೆ. ತಂದೆತಾಯಿ ಕೊಡಲು ಆಗುವುದಿಲ್ಲ. ಹಾಗಾಗಿ ಓಡಬೇಕಾದದ್ದು ಮ್ಯಾನೇಜರ್ ಹತ್ತಿರ, ಅದೂ ಬೇಗ. ಮಾರನೆಯ ದಿನ ಫೆಡರೇಷನ್‌ಗೆ ಮೇಲ್ ಹಾಕಿದರೆ ಏನೂ ಆಗುವುದಿಲ್ಲ. ಕಣ್ಣಳತೆಯ ತೀರ್ಮಾನವನ್ನು ಮೇಲಿನವರು ಸಾಧಾರಣವಾಗಿ ಬದಲಿಸುವುದೂ ಇಲ್ಲ.

ಟೈಮಿಂಗ್ ಬಗ್ಗೆ ಒಂದು ಮಾತು. ಒಂದು ಲೇನ್‌ಗೆ ಮೂರು ಸ್ಟಾಪ್‌ವಾಚ್ ಇದ್ದರೆ, ಎರಡರಲ್ಲಿ ಒಂದೇ ಸಮಯ ಬಂದರೆ ಅದೇ ಲೆಕ್ಕ. ಮೂರೂ ಬೇರೆ ಬೇರೆ ಬಂದರೆ ನಡುವಿನದು. ನೀವು ಗ್ಯಾಲರಿಯಲ್ಲಿ ಮೊಬೈಲ್‌ನಲ್ಲಿ ಹಿಡಿದದ್ದು ಯಾವ ಲೆಕ್ಕಕ್ಕೂ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಆಯ್ಕೆಯ ದೂರು ನಿಜವಾಗಿ ಬರೆಯಬೇಕಾದ ದೂರು. ಇಲ್ಲಿ ನನ್ನ ಖಚಿತ ಅಭಿಪ್ರಾಯ: ಪತ್ರ ಬರೆಯಬೇಕಾದದ್ದು ಪಟ್ಟಿ ಬಂದಮೇಲೆ ಅಲ್ಲ, ಸೀಸನ್ ಶುರುವಾಗುವ ಮುಂಚೆ. ರಾಜ್ಯ ಮೀಟ್‌ನ ಸುತ್ತೋಲೆ ಬಂದ ದಿನವೇ ಕೂತು ಓದಿ. ಎಷ್ಟು ಜನರನ್ನು ಆರಿಸುತ್ತಾರೆ, ಸ್ಥಾನ ನೋಡಿಯಾ ಸಮಯ ನೋಡಿಯಾ, ರಿಲೇಗೆ ಹೇಗೆ, ಗಾಯವಾದವರಿಗೆ ವಿನಾಯಿತಿ ಇದೆಯಾ. ಅದರಲ್ಲಿ ಸ್ಪಷ್ಟ ಇಲ್ಲದ್ದನ್ನು ಆಗಲೇ ಕ್ಲಬ್ ಮೂಲಕ ಕೇಳಿ. ಆಗ ಯಾರ ಮಗುವಿನ ಹೆಸರೂ ಪಟ್ಟಿಯಲ್ಲಿ ಇಲ್ಲ, ಯಾರಿಗೂ ಕೋಪ ಇಲ್ಲ, ಉತ್ತರ ಸಿಗುತ್ತದೆ. ಆ ಉತ್ತರದ ಮೇಲ್ ಎತ್ತಿಡಿ.

ಆಮೇಲೂ ಅನ್ಯಾಯ ಆದರೆ ಪತ್ರ ಹೀಗಿರಲಿ:

"ಮಾನ್ಯ ಕಾರ್ಯದರ್ಶಿಗಳಿಗೆ. ನನ್ನ ಮಗಳು ಇಂಥವಳು, ಯುಐಡಿ ಇಷ್ಟು, ಕ್ಲಬ್ ಇಂಥದ್ದು. ಇಂಥ ದಿನ ರಾಜ್ಯ ಮೀಟ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೇ ಸ್ಥಾನ ಪಡೆದಿದ್ದಾಳೆ. ಇಂಥ ದಿನಾಂಕದ ಸುತ್ತೋಲೆಯ ಇಂಥ ಕಲಂ ಪ್ರಕಾರ ಮೊದಲ ಇಬ್ಬರು ಆಯ್ಕೆಗೆ ಅರ್ಹರು. ಪ್ರಕಟವಾದ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಕಾರಣವನ್ನು ಎಂಟ್ರಿಯ ಕೊನೆಯ ದಿನಾಂಕಕ್ಕೆ ಮುಂಚೆ ತಿಳಿಸಬೇಕಾಗಿ ವಿನಂತಿ."

ಇಷ್ಟೇ. "ನಿಮ್ಮ ರಾಜಕೀಯ ನಮಗೆ ಗೊತ್ತು" ಅನ್ನುವ ಸಾಲು ಬೇಡ. ಪಕ್ಕದ ಲೇನ್ ಹುಡುಗಿಯ ಹೆಸರಂತೂ ಎತ್ತಲೇಬೇಡಿ. ಮೊದಲು ಕ್ಲಬ್, ಆಮೇಲೆ ರಾಜ್ಯ ಸಂಸ್ಥೆ, ಅಲ್ಲಿ ಉತ್ತರ ಬರದಿದ್ದರೆ ಅದರ ಪ್ರತಿ ಲಗತ್ತಿಸಿ ಫೆಡರೇಷನ್. ಮೆಟ್ಟಿಲು ಹಾರಿದರೆ ಮೇಲಿನವರು ಅದೇ ಕಾಗದವನ್ನು ಕೆಳಗೆ ಕಳಿಸುತ್ತಾರೆ, ನಡುವೆ ಹದಿನೈದು ದಿನ ಹೋಗಿರುತ್ತದೆ.

ಮೆಟ್ಟಿಲು ಹಾರಲೇಬೇಕಾದ ಒಂದು ವಿಷಯ ಇದೆ. ಕೋಚ್ ಆಗಲಿ, ಅಧಿಕಾರಿ ಆಗಲಿ, ಮಗುವಿನ ಮೈಮುಟ್ಟಿದರು, ಕೆಟ್ಟದಾಗಿ ನಡೆದುಕೊಂಡರು ಅಂದರೆ ಕ್ಲಬ್, ರಾಜ್ಯ, ಫೆಡರೇಷನ್ ಅಂತ ಕಾಯಬೇಡಿ. ನೇರ ಪೊಲೀಸ್ ಠಾಣೆ, ಇಲ್ಲವೇ 1098. ಪೋಕ್ಸೊ ಕಾಯ್ದೆ ಇರುವುದೇ ಅದಕ್ಕೆ. "ಸಂಸ್ಥೆಯೊಳಗೇ ಸರಿಮಾಡ್ಕೊಳ್ಳೋಣ" ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ.

ಡೋಪಿಂಗ್ ಕೂಡ ಫೆಡರೇಷನ್ ಕೈಯಲ್ಲಿಲ್ಲ, ಅದು ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ವ್ಯವಹಾರ. ಕೆಮ್ಮಿನ ಸಿರಪ್ ಕೊಡುವ ಮುಂಚೆ ಅವರ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ನೋಡಿ. ಜಿಮ್ ಪಕ್ಕದ ಅಂಗಡಿಯ ಪ್ರೋಟೀನ್ ಡಬ್ಬಿ ಬೇಡವೇ ಬೇಡ.

ಮೇಲೆ ಕೂತವರನ್ನು ಅಳೆಯುವುದು ಹೇಗೆ

"ಅಧ್ಯಕ್ಷರು ಯಾರಾದರೆ ನಮಗೇನು" ಅಂತ ಅನ್ನಿಸಬಹುದು. 2012ರ ಡಿಸೆಂಬರ್‌ನಲ್ಲಿ ಚುನಾವಣೆ ಒಲಿಂಪಿಕ್ ನಿಯಮದಂತೆ ನಡೆಯುತ್ತಿಲ್ಲ ಅಂತ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಮ್ಮ ಒಲಿಂಪಿಕ್ ಅಸೋಸಿಯೇಷನ್ ಅನ್ನು ಅಮಾನತು ಮಾಡಿತು. 2014ರ ಫೆಬ್ರುವರಿಯಲ್ಲಿ ಸೋಚಿಯ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಶಿವ ಕೇಶವನ್ ಮತ್ತು ಜೊತೆಯವರು ತ್ರಿವರ್ಣ ಧ್ವಜ ಇಲ್ಲದೆ, ಒಲಿಂಪಿಕ್ ಧ್ವಜದ ಕೆಳಗೆ ಹಾಜರಾದರು. ಕೆಲವೇ ದಿನಕ್ಕೆ ಅಮಾನತು ತೆಗೆದರು, ಮುಕ್ತಾಯಕ್ಕೆ ನಮ್ಮ ಧ್ವಜ ಬಂತು. 2023ರಲ್ಲಿ ಕುಸ್ತಿ ಫೆಡರೇಷನ್ ಸಮಯಕ್ಕೆ ಚುನಾವಣೆ ನಡೆಸಲಿಲ್ಲ ಅಂತ ವಿಶ್ವ ಕುಸ್ತಿ ಸಂಸ್ಥೆ ಅದನ್ನು ಅಮಾನತು ಮಾಡಿತು. ಅಂತಿಮ್ ಪಂಘಾಲ್ ಬೆಲ್‌ಗ್ರೇಡ್‌ನಲ್ಲಿ ಕಂಚು ಗೆದ್ದು ಪ್ಯಾರಿಸ್‌ಗೆ ಜಾಗ ಗಿಟ್ಟಿಸಿದ್ದು ದೇಶದ ಧ್ವಜ ಇಲ್ಲದೆ. ಕುರ್ಚಿಯವರ ಜಗಳಕ್ಕೆ ದಂಡ ಕಟ್ಟಿದವರು ಆಟಗಾರರು.

ಆಮೇಲೆ ಡಿಸೆಂಬರ್‌ನಲ್ಲಿ ಕುಸ್ತಿ ಫೆಡರೇಷನ್ ಚುನಾವಣೆ ನಡೆದಾಗ ಅಧ್ಯಕ್ಷ ಸ್ಥಾನಕ್ಕೆ ಬಿದ್ದ ಮತ 40 ಮತ್ತು 7. ಇಡೀ ದೇಶದ ಕುಸ್ತಿ, 47 ಮತ! ನಮ್ಮ ವಾರ್ಡಿನ ಒಂದು ಬೂತ್‌ನಲ್ಲೂ ಇದಕ್ಕಿಂತ ಜಾಸ್ತಿ ಬೀಳುತ್ತದೆ. ಮತ ಹಾಕುವವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಆ ಪ್ರತಿನಿಧಿಗಳನ್ನು ಕಳಿಸುವುದು ನಮ್ಮ ರಾಜ್ಯ ಸಂಸ್ಥೆ, ಆ ಸಂಸ್ಥೆಯನ್ನು ಆರಿಸುವುದು ನಮ್ಮ ಕ್ಲಬ್‌ಗಳು. ಅಂದರೆ ಫೆಡರೇಷನ್ ಅಧ್ಯಕ್ಷರು ಸರಿ ಇರಬೇಕು ಅಂದರೆ ನೀವು ಕಣ್ಣಿಡಬೇಕಾದದ್ದು ಫೆಡರೇಷನ್ ಕಚೇರಿ ಮೇಲಲ್ಲ, ನಿಮ್ಮ ಕ್ಲಬ್‌ನಿಂದ ರಾಜ್ಯದ ಸಭೆಗೆ ಯಾರು ಹೋಗುತ್ತಾರೆ ಅನ್ನುವುದರ ಮೇಲೆ. ಕೋಚ್‌ಗೆ ಕೇಳಿ ನೋಡಿ, ಅರ್ಧ ಕ್ಲಬ್‌ಗಳಲ್ಲಿ "ಯಾರೋ ಹೋಗ್ತಾರೆ" ಅನ್ನುವುದೇ ಉತ್ತರ.

ಒಲಿಂಪಿಕ್ ಆಟಗಾರರೇ ಅಧ್ಯಕ್ಷರಾದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಪಿ.ಟಿ. ಉಷಾ ಅವಿರೋಧವಾಗಿ ಒಲಿಂಪಿಕ್ ಅಸೋಸಿಯೇಷನ್‌ನ ಮೊದಲ ಮಹಿಳಾ ಅಧ್ಯಕ್ಷೆ ಆದಾಗ ನಮ್ಮ ಗ್ಯಾಲರಿಯಲ್ಲೂ ಸಿಹಿ ಹಂಚಿದರು. ನನಗೂ ಖುಷಿಯೇ. ಆದರೆ ಆಮೇಲೆ ಸಿಇಒ ನೇಮಕದ ವಿಷಯದಲ್ಲಿ ಅವರಿಗೂ ಕಾರ್ಯಕಾರಿ ಮಂಡಳಿಯವರಿಗೂ ಎಳೆದಾಟ ನಡೆದದ್ದನ್ನು ಪೇಪರ್‌ನಲ್ಲಿ ಎಲ್ಲರೂ ಓದಿದ್ದೇವೆ. ಓಟ ಗೆಲ್ಲುವುದು ಒಂದು ವಿದ್ಯೆ, ಸಭೆ ನಡೆಸುವುದು ಇನ್ನೊಂದು. ನಾನು ಅಧ್ಯಕ್ಷರ ಪದಕ ನೋಡುವುದಿಲ್ಲ. ವರ್ಷದ ಕ್ಯಾಲೆಂಡರ್ ಯಾವಾಗ ಬಂತು ನೋಡುತ್ತೇನೆ. ಪರೀಕ್ಷೆ ಇಟ್ಟುಕೊಂಡ ಮಕ್ಕಳಿಗೆ ಮಾರ್ಚ್‌ನಲ್ಲಿ ದಿಢೀರಂತ ದಿನಾಂಕ ಹೇಳುವ ಸಂಸ್ಥೆಯಲ್ಲಿ ಎಷ್ಟು ದೊಡ್ಡವರು ಕೂತಿದ್ದರೂ ಅಷ್ಟಕ್ಕಷ್ಟೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿದೆ. ಅದರ ಪ್ರಕಾರ ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಜಾಸ್ತಿ ಜನ ಇರುವಂತಿಲ್ಲ. ಕನಿಷ್ಠ ನಾಲ್ಕು ಮಹಿಳೆಯರು, ಕನಿಷ್ಠ ಇಬ್ಬರು ಸಾಧನೆ ಮಾಡಿದ ಆಟಗಾರರು ಇರಬೇಕು. ಇದುವರೆಗೆ ಸಚಿವಾಲಯದ ಕೈಯಲ್ಲಿದ್ದ ಮಾನ್ಯತೆಯ ಕೆಲಸಕ್ಕೆ ರಾಷ್ಟ್ರೀಯ ಕ್ರೀಡಾ ಮಂಡಳಿ, ವ್ಯಾಜ್ಯಕ್ಕೆ ಕ್ರೀಡಾ ನ್ಯಾಯಮಂಡಳಿ, ಅಲ್ಲಿಂದ ಮೇಲ್ಮನವಿ ಸುಪ್ರೀಂ ಕೋರ್ಟಿಗೆ. ಸರ್ಕಾರದ ದುಡ್ಡು ಪಡೆಯುವ ಫೆಡರೇಷನ್ ಆ ದುಡ್ಡಿನ ಲೆಕ್ಕಕ್ಕೆ ಮಾಹಿತಿ ಹಕ್ಕಿನಡಿ ಉತ್ತರ ಕೊಡಬೇಕು. ಹೊಸ ಸಮಿತಿಯ ಪಟ್ಟಿ ಬಂದಾಗ ಆ ನಾಲ್ಕು ಹೆಂಗಸರು ಯಾರು ಅಂತ ನೋಡಿ. ಕೊಳದ ನೀರು ಕಂಡವರಾ, ಸುಮ್ನೆ ಯಾರದೋ ಮನೆಯವರಾ?

ರಾಜ್ಯ ಸಂಸ್ಥೆ, ಕ್ಲಬ್‌ಗಳ ಬೈಲಾ ನೋಡಬೇಕು ಅಂದರೆ ಕಾರ್ಯದರ್ಶಿಯನ್ನೇ ಕೇಳಿ. ಕೊಡದಿದ್ದರೆ, ನಮ್ಮಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ ನೋಂದಣಿ ಆಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಪ್ರತಿ ವರ್ಷ ಸಂಘಗಳ ನೋಂದಣಾಧಿಕಾರಿಗೆ ಸಲ್ಲಬೇಕು. ಆ ಕಚೇರಿಯಲ್ಲಿ ಅರ್ಜಿ ಹಾಕಿ ನಕಲು ತೆಗೆದುಕೊಳ್ಳಬಹುದು. ಕಾಯಬೇಕಾಗುತ್ತದೆ, ಪುಸ್ತಕ ತೆಗೆದುಕೊಂಡು ಹೋಗಿ.

ಇದೆಲ್ಲ ಜಾಸ್ತಿ ಆಯ್ತು ಅನ್ನಿಸಿದರೆ ಒಂದು ಸುಲಭದ ದಾರಿ ಇದೆ. ಟೆಕ್ನಿಕಲ್ ಅಫಿಷಿಯಲ್‌ಗಳ ತರಬೇತಿ ನಡೆದಾಗ ಹೆಸರು ಕೊಡಿ. ನಿಯಮ ಓದಿಸುತ್ತಾರೆ, ಪರೀಕ್ಷೆ ಇರುತ್ತದೆ, ಪಾಸಾದರೆ ವಾಚ್ ಕೈಗೆ ಬರುತ್ತದೆ. ಬೆಳಗ್ಗೆ ಬೇಗ ಬರಬೇಕು, ಬಿಳಿ ಬಟ್ಟೆ ಹಾಕಬೇಕು, ನಿಮ್ಮ ಮಗು ಈಜುವ ಲೇನ್ ನಿಮಗೆ ಕೊಡುವುದಿಲ್ಲ. ಮಧ್ಯಾಹ್ನದ ಊಟ ಅವರದೇ, ಮೊಸರನ್ನ ಚೆನ್ನಾಗಿರುತ್ತದೆ.